ಅಂಗಡಿ ಮುಚ್ಚಿದ ಮೇಲೆ ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ಲೈನ್ ಕಡಿಯೋ ಸ್ವಿಚ್) ಬಿದ್ರೆ ಗೊತ್ತಾಗೋದು ಹೇಗೆ? (ದಾವಣಗೆರೆ, ಡೀಪ್ ಫ್ರೀಜರ್)

ಬೆಣ್ಣೆಕಾವಲಿ

ಜಾಗ ನಿಟ್ಟುವಳ್ಳಿ ಕಡೆ, ದೋಸೆ ಹೋಟೆಲಿನ ಹಿಂದಿನ ಸ್ಟೋರು. 300 ಲೀಟರಿನ ಡೀಪ್ ಫ್ರೀಜರ್ ಒಂದು, ಡಬಲ್ ಡೋರ್ ಫ್ರಿಜ್ ಒಂದು. ಬೆಣ್ಣೆ ಪೂರಾ ಇವೆರಡರಲ್ಲೇ ಇರ್ತದೆ. ಡಿಬಿ (ಕರೆಂಟ್ ಹಂಚೋ ಪೆಟ್ಟಿಗೆ) ಒಳಗೆ ಮೊದಲು ಐಸೊಲೇಟರ್ (ಮೇನ್ ಸ್ವಿಚ್), ಆಮೇಲೆ 40 ಆಂಪಿನ ಎರಡು ಪೋಲ್ ಆರ್‌ಸಿಸಿಬಿ, 30 ಮಿಲಿಆಂಪಿನದು. ಅದರ ಕೆಳಗೆ ಆರು ಎಂಸಿಬಿ (ಲೋಡ್ ಜಾಸ್ತಿ ಆದ್ರೆ, ಶಾರ್ಟ್ ಆದ್ರೆ ಬೀಳೋ ಸ್ವಿಚ್). ಫ್ರೀಜರ್, ಫ್ರಿಜ್, ಗ್ರೈಂಡರ್, ಪಾತ್ರೆ ತೊಳೆಯೋ ಕಡೆಯ ಗೀಜರ್, ಹೊರಗಿನ ಬೋರ್ಡ್ ಲೈಟ್, ಇನ್ವರ್ಟರಿನ ಚಾರ್ಜಿಂಗ್, ಎಲ್ಲ ಈ ಒಂದೇ ಆರ್‌ಸಿಸಿಬಿ ಮೇಲೆ. ಕೌಂಟರ್ ಲೈಟು, ವೈಫೈ ರೌಟರ್ ಮಾತ್ರ ಇನ್ವರ್ಟರಿನಿಂದ ನಡೀತವೆ.

ರಾತ್ರಿ 11ಕ್ಕೆ ಬೀಗ ಹಾಕಿದ್ರೆ ಬೆಳಿಗ್ಗೆ 6ಕ್ಕೆ ತೆಗೆಯೋದು. ಸೋಮವಾರ ರಜೆ ಇದ್ರೆ ಭಾನುವಾರ ರಾತ್ರಿಯಿಂದ ಮಂಗಳವಾರ ಬೆಳಿಗ್ಗೆವರೆಗೆ 31 ತಾಸು ಯಾರೂ ಇರಲ್ಲ. ಆ ನಡುವೆ ಆರ್‌ಸಿಸಿಬಿ ಬಿದ್ರೆ ಮೊಬೈಲಿಗೆ ತಿಳೀಬೇಕು. ಲೈನ್ ಕರೆಂಟ್ ಹೋದಾಗಲೆಲ್ಲ ಬಡ್ಕೋಬಾರದು. ಇಂಟರ್ನೆಟ್ ಇಲ್ದಿದ್ರೂ ಕೆಲಸ ಮಾಡಿದ್ರೆ ಒಳ್ಳೇದು.

ಅಮೆರಿಕದ ವಿಡಿಯೋಗಳಲ್ಲಿ ಟ್ರಿಪ್ ಆದಾಗ ತಾನೇ ಬೀಪ್ ಮಾಡೋ ಸಾಕೆಟ್ ತೋರಿಸ್ತಾರೆ. ಅದು ಇಲ್ಲಿ ನಡೀತದಾ?

ತಾಮ್ರದತಂತಿ

ಕೊನೇ ಪ್ರಶ್ನೆಗೆ ಮೊದಲು ಉತ್ತರ ಹೇಳ್ತೀನ್ರಿ: ನಡಿಯಂಗಿಲ್ಲ. ಆ ಸಾಕೆಟ್ 120 ವೋಲ್ಟಿಗೆ ಮಾಡಿದ್ದು, ಸುಮಾರು 5 ಮಿಲಿಆಂಪ್ ಸೋರಿಕೆಗೇ ಬೀಳ್ತದ. ನಮ್ಮದು 230 ವೋಲ್ಟ್, ಪಿನ್ ಕೂಡ ಬೇರೆ. ಅಲ್ಲಿ ಒಂದೊಂದು ಸಾಕೆಟ್ಟಿಗೂ ಕಾವಲು ಇರ್ತದ, ನಮ್ಮಲ್ಲಿ ಡಿಬಿ ಬಾಗಿಲಲ್ಲಿ ಒಬ್ಬನೇ ಕಾವಲುಗಾರ. ನಮ್ಮ ಆರ್‌ಸಿಸಿಬಿಗೆ ಐಎಸ್ 12640 ಮಾನಕ ಐತಿ. 30 ಮಿಲಿಆಂಪಿನದು 15ರ ಕೆಳಗೆ ಬೀಳಬಾರದು, 30 ಮುಟ್ಟಿದ್ರೆ 300 ಮಿಲಿಸೆಕೆಂಡ್ ಒಳಗೆ ಬೀಳಲೇಬೇಕು. 15ರಿಂದ 30ರ ನಡುವೆ ಎಲ್ಲಿ ಬಿದ್ರೂ ಅದು ಸರಿಯಾದ ಸಾಮಾನೇ. ಇದನ್ನ ನೆನಪಿಟ್ಕೊಳ್ರಿ, ಮುಂದೆ ಬೇಕಾಗ್ತದ.

ನಿಮ್ಮ ವೈರಿಂಗಿನಾಗ ಇನ್ನೊಂದು ಮೋಸ ಐತಿ. ಇನ್ವರ್ಟರ್ ಚಾರ್ಜಿಂಗ್ ಆರ್‌ಸಿಸಿಬಿ ಕೆಳಗೇ ಇರೋದ್ರಿಂದ ಟ್ರಿಪ್ ಆದ ಕೂಡ್ಲೆ ಇನ್ವರ್ಟರ್ ಲೈಟ್ ಎತ್ತಿಕೊಳ್ತದ. ಅಂಗಡಿ ಒಳಗೆ ಜನ ಇದ್ರೂ ಲೈಟು ಉರೀತಿರೋದು ನೋಡಿ "ಕರೆಂಟ್ ಐತಿ" ಅಂದ್ಕೊಳ್ತಾರ. ಫ್ರೀಜರ್ ಸತ್ತಿರೋದು ಬೆಣ್ಣೆ ಮೆತ್ತಗಾದಾಗಲೇ ಕಾಣೋದು. ಚಾರ್ಜಿಂಗ್ ಪಾಯಿಂಟಿಗೆ ಬೇರೆ ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡರ ಕೆಲಸ ಒಂದರಾಗೇ ಮಾಡೋದು) ಹಾಕಿ ಆರ್‌ಸಿಸಿಬಿ ಮೇಲಿಂದ ಕೊಡ್ರಿ.

ಈಗ ಎಚ್ಚರಿಕೆ ಗಂಟೆ. ಗಂಟೆಗೆ ಕರೆಂಟ್ ಆರ್‌ಸಿಸಿಬಿಯ ಮೇಲಿಂದ ಬರಬೇಕು, ಕಣ್ಣು ಆರ್‌ಸಿಸಿಬಿಯ ಕೆಳಗಿರಬೇಕು. ಮೇಲೆ ಕರೆಂಟ್ ಇದ್ದು ಕೆಳಗೆ ಇಲ್ಲ ಅಂದ್ರೆ ಮಾತ್ರ ಕೂಗ್ತದ. ಲೈನೇ ಹೋದ್ರೆ ಗಂಟೆಗೂ ಕರೆಂಟ್ ಇರಲ್ಲ, ಸುಮ್ಮನಿರ್ತದ. ಬ್ಯಾಟರಿ ಗೀಟರಿ ಏನೂ ಬೇಡ.

ಬೇಕಾದ ಸಾಮಾನು:
- 230 ವೋಲ್ಟ್ ಎಸಿ ಕಾಯಿಲಿನ 8 ಪಿನ್ ದುಂಡು ರಿಲೇ (ಕಾಯಿಲಿಗೆ ಕರೆಂಟ್ ಬಂದ್ರೆ, ಹೋದ್ರೆ ತಾನೇ ಬದಲಾಗೋ ಸ್ವಿಚ್) 1, ಅದರ ಬೇಸ್ 1. ರೈಸ್ ಮಿಲ್ ಪ್ಯಾನೆಲ್ ಮಾಡೋರ ಹತ್ರ ಯಾವಾಗಲೂ ಇರ್ತದ.
- 2 ಆಂಪಿನ ಸಿಂಗಲ್ ಪೋಲ್ ಎಂಸಿಬಿ 1
- 230 ವೋಲ್ಟ್ ಪ್ಯಾನೆಲ್ ಹೂಟರ್ 1, ಕೆಂಪು ಇಂಡಿಕೇಟರ್ ಲ್ಯಾಂಪ್ 1 (ಎರಡಕ್ಕೂ 22.5 ಮಿಮೀ ತೂತು)
- ಒಂದು ಟಾಗಲ್ ಸ್ವಿಚ್, ಪ್ಲಾಸ್ಟಿಕ್ ಡಬ್ಬಿ, 1 ಚದರ ಮಿಮೀ ವೈರ್ 5 ಮೀಟರ್

ಐಸೊಲೇಟರ್ ಆಫ್ ಮಾಡಿ ಟೆಸ್ಟರಿನಿಂದ ನೋಡಿದ ಮೇಲೇ ಕೈ ಹಾಕ್ರಿ. ಆರ್‌ಸಿಸಿಬಿ ಕೆಳಗೆ ಇಳಿಸಿದ್ರೆ ಸಾಲದು, ಅದರ ಮೇಲಿನ ಟರ್ಮಿನಲ್ ಜೀವಂತ ಇರ್ತದ. ಐಸೊಲೇಟರಿನ ಆಚೆ, ಬೆಸ್ಕಾಂ ಮೀಟರ್ ಸೀಲ್ ಕಡೆ ಹೋಗಲೇಬೇಡ್ರಿ.

ಐಸೊಲೇಟರಿನ ಔಟ್‌ನಿಂದ ಫೇಸ್ ತಗೊಂಡು 2 ಆಂಪ್ ಎಂಸಿಬಿಗೆ. ಎಂಸಿಬಿಯಿಂದ ರಿಲೇ ಬೇಸಿನ 1 ಮತ್ತು 8ನೇ ಪಿನ್ನಿಗೆ. 4ನೇ ಪಿನ್ನಿಂದ ಟಾಗಲ್ ಸ್ವಿಚ್ಚು, ಅಲ್ಲಿಂದ ಹೂಟರ್. 5ನೇ ಪಿನ್ನಿಂದ ನೇರ ಕೆಂಪು ಲ್ಯಾಂಪ್, ನಡುವೆ ಸ್ವಿಚ್ ಬೇಡ. ಹೂಟರ್, ಲ್ಯಾಂಪ್ ಎರಡರ ನ್ಯೂಟ್ರಲ್ಲೂ ಐಸೊಲೇಟರ್ ಔಟಿನ ನ್ಯೂಟ್ರಲ್ಲಿಗೇ. ಕಾಯಿಲ್ ಅಂದ್ರೆ 2 ಮತ್ತು 7. ಇವೆರಡನ್ನೂ ಫ್ರೀಜರ್ ಸರ್ಕ್ಯೂಟಿನ ಫೇಸ್, ನ್ಯೂಟ್ರಲ್ಲಿಗೆ, ಅಂದ್ರೆ ಆರ್‌ಸಿಸಿಬಿ ಕೆಳಗಿನ ಕಡೆಗೆ ಕೊಡ್ರಿ. ಫೇಸನ್ನ ಫ್ರೀಜರಿನ ಎಂಸಿಬಿ ಆದ ಮೇಲೆ ಹಿಡಿದ್ರೆ ಆ ಎಂಸಿಬಿ ಬಿದ್ರೂ ಗೊತ್ತಾಗ್ತದ, ಬೋನಸ್.

ಲ್ಯಾಂಪಿಗೆ ಸ್ವಿಚ್ ಬೇಡ ಅಂದಿದ್ದು ಯಾಕಂದ್ರೆ ಕೂಗಾಟ ತಡೀಲಾರದೆ ಯಾರೋ ಹೂಟರ್ ಆಫ್ ಮಾಡ್ತಾರ, ಆಮೇಲೆ ಆನ್ ಮಾಡೋದು ಮರೀತಾರ. ಲ್ಯಾಂಪ್ ಮಾತ್ರ ಸರಿಯಾಗೋವರೆಗೆ ಉರೀತಾನೇ ಇರ್ತದ.

ಮಂಡಕ್ಕಿಮೆಣಸಿನಕಾಯಿ

ಅಣ್ಣಾ, ಇಷ್ಟೆಲ್ಲಾ ರಿಲೇ ಯಾಕೆ? ಆರ್‌ಸಿಸಿಬಿಯ ಮೇಲಿನ ಫೇಸಿಗೆ ಒಂದು ವೈರು, ಕೆಳಗಿನ ಫೇಸಿಗೆ ಒಂದು ವೈರು, ನಡುವೆ ಬಜರ್. ಆನ್ ಇದ್ದಾಗ ಎರಡೂ ಕಡೆ ಸಮ, ಬಿದ್ದಾಗ ಬಜರ್ ಕೂಗ್ತದೆ. ಫ್ಯೂಸ್ ಹೋಗಿದ್ದು ತೋರ್ಸೋಕೆ ನಿಯಾನ್ ಹಾಕೋದೂ ಹಿಂಗೇ ಅಲ್ವಾ?

ತಾಮ್ರದತಂತಿ

ಫ್ಯೂಸಿಗೆ ನಡೀತದ, ಅಲ್ಲಿ ನ್ಯೂಟ್ರಲ್ ಕಡಿಯೋದಿಲ್ಲ. ಆರ್‌ಸಿಸಿಬಿ ಎರಡೂ ಪೋಲ್ ಕಡೀತದ. ಫೇಸ್ ನಿಮ್ಮ ಬಜರ್ ದಾಟಿ ಫ್ರೀಜರಿನೊಳಗೆ ಹೋದ್ರೂ ವಾಪಸ್ ಬರೋಕೆ ನ್ಯೂಟ್ರಲ್ ದಾರಿ ಇಲ್ಲ. ಒಂದೇ ಒಂದು ದಾರಿ ಉಳೀತದ: ಯಾವ ಸೋರಿಕೆಯಿಂದ ಟ್ರಿಪ್ ಆಯ್ತೋ ಅದೇ ಸೋರಿಕೆ, ಮೈ ಮೂಲಕ ಅರ್ಥಿಂಗಿಗೆ. ಅರ್ಥಿಂಗ್ ಚೆನ್ನಾಗಿದ್ರೆ ಬಜರ್ ಒಂಚೂರು ಮಿಣುಕೀತು. ಅರ್ಥಿಂಗ್ ಕೆಟ್ಟಿದ್ರೆ ಬಜರ್ ಸುಮ್ಮನಿರ್ತದ, ಫ್ರೀಜರಿನ ಮೈ ಮಾತ್ರ ಫೇಸಿನಲ್ಲಿ ಕೂತಿರ್ತದ. ಒದ್ದೆ ನೆಲದ ಮೇಲೆ ನಿಂತು ಬಾಗಿಲು ಎತ್ತಿದವನೇ ಆಗ ಆ ದಾರಿ. ಕಡಿದು ಹಾಕಿದ ಸರ್ಕ್ಯೂಟಿಗೆ ಸುತ್ತುಬಳಸಿ ಕರೆಂಟ್ ಕೊಟ್ಟಂಗೆ ಆಯ್ತು. ದಯವಿಟ್ಟು ಬೇಡ.

ಮಂಡಕ್ಕಿಮೆಣಸಿನಕಾಯಿ

ಸರಿ ಬಿಡ್ರಿ, ನ್ಯೂಟ್ರಲ್ಲೂ ಕಡೀತದೆ ಅನ್ನೋದು ಲೆಕ್ಕಕ್ಕೆ ತಗೊಂಡಿರ್ಲಿಲ್ಲ. ಇನ್ನೊಂದು. ಕಾಯಿಲ್ಲಿನ ನ್ಯೂಟ್ರಲ್ ಮೇಲಿಂದ ತಗೊಂಡ್ರೆ ಏನಾಗ್ತದೆ? ಡಬ್ಬಿಗೆ ಮೂರೇ ವೈರು ಸಾಕಾಗ್ತದಲ್ಲ.

ತಾಮ್ರದತಂತಿ

ಲೆಕ್ಕ ಹಾಕ್ರಿ. ಆ ಕಾಯಿಲ್ ಹೆಚ್ಚುಕಡಿಮೆ 3 ವಿಎ ಕುಡೀತದ. 3 ಭಾಗಿಸು 230, ಸುಮಾರು 13 ಮಿಲಿಆಂಪ್. ಹೋಗುವಾಗ ಆರ್‌ಸಿಸಿಬಿಯ ಫೇಸ್ ಪೋಲ್ ದಾಟಿ ಹೋಯ್ತು, ಬರುವಾಗ ನ್ಯೂಟ್ರಲ್ ಪೋಲ್ ದಾಟಲಿಲ್ಲ. ಆರ್‌ಸಿಸಿಬಿ ಕಣ್ಣಿಗೆ ಇದು 13 ಮಿಲಿಆಂಪ್ ಸೋರಿಕೆ. 15ಕ್ಕೇ ಬೀಳಬಹುದಾದ ಸಾಮಾನಿಗೆ 13 ಮೊದಲೇ ಹೊರಿಸಿಟ್ರೆ ಫ್ರಿಜ್ಜು ಸೀನಿದ್ರೂ ಟ್ರಿಪ್. ಟ್ರಿಪ್ ತಿಳ್ಸೋಕೆ ಹಾಕಿದ ಸಾಧನವೇ ಟ್ರಿಪ್ ಮಾಡ್ಸೋದು, ಈ ತಪ್ಪಿಗೆ ಬೀಳೋ ಕರೆ ಕಡಿಮೆ ಏನಿಲ್ಲ.

ಕೋಟೆಕಲ್ಲು

ಚಿತ್ರದುರ್ಗ ಕಡೆಯಿಂದ. ರಿಲೇ ವಿಧಾನ ಸರಿ ಐತೆ ಕಣಣ್ಣ, ಒಂದು ತೊಡಕು ಹೇಳ್ತೀನಿ. 230 ವೋಲ್ಟ್ ಕಾಯಿಲ್ ಎಳಕೊಳ್ಳೋಕೆ ಸಾಮಾನ್ಯವಾಗಿ 80 ಪರ್ಸೆಂಟ್, ಅಂದ್ರೆ 184 ವೋಲ್ಟ್ ಬೇಕು. ಒಂದ್ಸಲ ಎಳಕೊಂಡ ಮೇಲೆ 100ರ ಕೆಳಗೆ ಇಳಿದ್ರೂ ಬಿಡದೇ ಇರಬಹುದು. ಬೇಸಿಗೇಲಿ ಊರ ಕೊನೇ ಕಂಬದ ವೋಲ್ಟೇಜು 170 ಇದ್ದಾಗ ಕರೆಂಟ್ ಹೋಗಿ ಬಂದ್ರೆ ರಿಲೇ ಎಳಕೊಳ್ಳಲ್ಲ, ಹೂಟರ್ ಕೂಗ್ತಾ ಕೂರ್ತದೆ. ಆರ್‌ಸಿಸಿಬಿ ನೋಡಿದ್ರೆ ಆನ್ ಆಗೇ ಐತೆ. ಅದು ಸುಳ್ಳು ಕೂಗಲ್ಲ, ಲೋ ವೋಲ್ಟೇಜ್ ಕೂಗು ಅಂತ ತಿಳ್ಕಳಿ. ಆ ವೋಲ್ಟೇಜಲ್ಲಿ ಕಂಪ್ರೆಸರ್ ಒದ್ದಾಡೋದೂ ಒಳ್ಳೇದಲ್ಲ.

ಇದು ಬೇಡ ಅಂದ್ರೆ ಆರ್‌ಸಿಸಿಬಿ ಪಕ್ಕಕ್ಕೆ ಕಚ್ಚಿಸೋ ಆಕ್ಸಿಲರಿ ಕಾಂಟ್ಯಾಕ್ಟ್ ತಗಳಿ. ಅರ್ಧ ಮಾಡ್ಯೂಲ್, 9 ಮಿಮೀ ಅಗಲ. ಆರ್‌ಸಿಸಿಬಿ ಹಿಡಿಕೆ ಇಳಿದ್ರೆ ಒಳಗಿನ ಕಾಂಟ್ಯಾಕ್ಟ್ ಬದಲಾಗ್ತದೆ, ಕರೆಂಟ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. ಎರಡು ಬಗೆ ಸಿಗ್ತವೆ. ಒಂದು ಬರೀ ಆನ್ ಆಫ್ ಹೇಳೋದು, ಕೈಯಿಂದ ಇಳಿಸಿದ್ರೂ ಹೇಳ್ತದೆ. ಇನ್ನೊಂದು ತಾನಾಗಿ ಟ್ರಿಪ್ ಆದ್ರೆ ಮಾತ್ರ ಹೇಳೋದು. ಎರಡನೇದು ಕೇಳಿ ತಗಳಿ. ಆರ್‌ಸಿಸಿಬಿ ಯಾವ ಕಂಪನಿ, ಯಾವ ಸೀರೀಸೋ ಅದೇ ಬೇಕು, ಬೇರೇದು ಕೂರಲ್ಲ. ಮನೆಗೆ ಅಂತ ಮಾಡಿರೋ ಅಗ್ಗದ ಸೀರೀಸಿಗೆ ಇದು ಬರೋದೇ ಇಲ್ಲ, ಮೊದಲು ಕ್ಯಾಟಲಾಗ್ ನೋಡಿ.

ಐದುವೋಲ್ಟ್

ರಾತ್ರಿ ಎರಡಕ್ಕೆ ಹೂಟರ್ ಕೂಗಿದ್ರೆ ಪಕ್ಕದ ಮನೆಯವರು ಏಳ್ತಾರೆ, ಹೋಟೆಲ್ ಮಾಲೀಕರು ಏಳಲ್ಲ. ಮೊಬೈಲಿನ ಭಾಗ ನಾನು ಬರೀತೀನಿ.

ಎಲ್ಲರಿಗೂ ಮೊದಲು ಹೊಳೆಯೋದು ಸ್ಮಾರ್ಟ್ ಪ್ಲಗ್. ಫ್ರೀಜರಿಗೆ ಹಾಕಿ, ಟ್ರಿಪ್ ಆದ್ರೆ ಪ್ಲಗ್ ಆಫ್‌ಲೈನ್ ಆಗತ್ತೆ, ಆ್ಯಪ್ ತಿಳಿಸತ್ತೆ ಅನ್ನೋ ಲೆಕ್ಕ. ನನಗೆ ಇದರ ಮೇಲೆ ನಂಬಿಕೆ ಕಡಿಮೆ. ಲೈನ್ ಹೋದ್ರೂ ಆಫ್‌ಲೈನ್, ಟ್ರಿಪ್ ಆದ್ರೂ ಆಫ್‌ಲೈನ್, ವೈಫೈ ಮುನಿಸಿಕೊಂಡ್ರೂ ಆಫ್‌ಲೈನ್. ಆಫ್‌ಲೈನ್ ಆಗಿದ್ದಕ್ಕೆ ನೋಟಿಫಿಕೇಶನ್ ಕಳಿಸದ ಆ್ಯಪ್‌ಗಳೂ ಇವೆ. ಅದಕ್ಕಿಂತ ಕೆಟ್ಟದ್ದು, ಕರೆಂಟ್ ಬಂದ ಮೇಲೆ ಪ್ಲಗ್ ಯಾವ ಸ್ಥಿತಿಗೆ ಬರಬೇಕು ಅನ್ನೋ ಸೆಟ್ಟಿಂಗ್. ಅದು 'ಆಫ್' ಅಂತಿದ್ರೆ ಹತ್ತು ನಿಮಿಷ ಲೈನ್ ಹೋಗಿ ಬಂದ್ರೂ ಫ್ರೀಜರ್ ಸತ್ತೇ ಇರತ್ತೆ. ಕಾವಲಿಗೆ ಇಟ್ಟವನೇ ಬೆಣ್ಣೆ ಕರಗಿಸಿದ ಹಾಗೆ.

ಗಟ್ಟಿಯಾಗಿ ಮಾಡೋದಾದ್ರೆ ಇಎಸ್‌ಪಿ32 ಬೋರ್ಡ್ (ವೈಫೈ ಇರೋ, ಪ್ರೋಗ್ರಾಮ್ ಹಾಕಬಹುದಾದ ಪುಟ್ಟ ಬೋರ್ಡ್) ಒಂದು, ಹಳೇ ಮೊಬೈಲ್ ಚಾರ್ಜರ್ ಎರಡು, ಪಿಸಿ817 ಆಪ್ಟೋಕಪ್ಲರ್ (ವೈರ್ ಸಂಪರ್ಕ ಇಲ್ಲದೆ ಬೆಳಕಿನಿಂದ ಸಿಗ್ನಲ್ ದಾಟಿಸೋ ಚಿಪ್) ಎರಡು, 470 ಓಮ್ ರೆಸಿಸ್ಟರ್ ಎರಡು. ಚಾರ್ಜರುಗಳೇ ಇಲ್ಲಿ ಸೆನ್ಸರ್, 230 ವೋಲ್ಟನ್ನು ಬೋರ್ಡಿನ ಹತ್ತಿರ ತರೋದೇ ಬೇಡ. 'ಕೆಳಗಿನ' ಚಾರ್ಜರನ್ನು ಫ್ರೀಜರ್ ಎಂಸಿಬಿಯ ಸಾಕೆಟ್ಟಿಗೆ ಹಾಕಿ. 'ಮೇಲಿನ' ಚಾರ್ಜರಿಗೆ ತಾಮ್ರದತಂತಿ ಸರ್ ಹೇಳಿದ 2 ಆಂಪ್ ಎಂಸಿಬಿಯಿಂದ, ಡಬ್ಬಿ ಒಳಗೇ, ಕರೆಂಟ್ ಕೊಡಿ.

ಚಾರ್ಜರಿನ 5 ವೋಲ್ಟ್ ಪ್ಲಸ್ 470 ಓಮ್ ದಾಟಿ ಪಿಸಿ817ರ 1ನೇ ಕಾಲಿಗೆ, ಮೈನಸ್ 2ನೇ ಕಾಲಿಗೆ. ಸುಮಾರು 8 ಮಿಲಿಆಂಪ್ ಹರಿಯತ್ತೆ, ಅಷ್ಟು ಸಾಕು. 3ನೇ ಕಾಲು ಬೋರ್ಡಿನ ಗ್ರೌಂಡಿಗೆ, 4ನೇ ಕಾಲು ಇನ್‌ಪುಟ್ ಪಿನ್ನಿಗೆ. ಪಿನ್ 32 ಮತ್ತು 33 ಬಳಸಿ, ಒಳಗಿನ ಪುಲ್‌ಅಪ್ (ಪಿನ್ನನ್ನು ಹೈ ಕಡೆ ಎಳೆದಿಡೋ ರೆಸಿಸ್ಟರ್) ಆನ್ ಮಾಡಿ. 34ರಿಂದ 39ರವರೆಗಿನ ಪಿನ್ನುಗಳಿಗೆ ಒಳಗೆ ಪುಲ್‌ಅಪ್ ಇಲ್ಲ. ಗೊತ್ತಿಲ್ಲದೆ ಅಲ್ಲಿ ಹಾಕಿದ್ರೆ ಪಿನ್ ತೇಲಾಡ್ತಾ ಏನೇನೋ ಓದತ್ತೆ. 0, 2, 12, 15 ಬೂಟ್ ಆಗುವಾಗ ಬೇಕಾದವು, ಅವನ್ನೂ ಬಿಡಿ. ಚಾರ್ಜರ್ ಜೀವಂತ ಇದ್ರೆ ಪಿನ್ ಲೋ, ಸತ್ರೆ ಹೈ.

ಬೋರ್ಡಿಗೆ 5 ವೋಲ್ಟ್ ಇನ್ವರ್ಟರ್ ಸಾಕೆಟ್ಟಿಂದ ಕೊಡಿ.

ಲಾಜಿಕ್ ಇಷ್ಟೇ. ಮೇಲೆ ಇದೆ, ಕೆಳಗೆ ಇಲ್ಲ, 30 ಸೆಕೆಂಡ್ ಹಾಗೇ ಇದೆ: ಟ್ರಿಪ್, ಫೋನ್ ಮಾಡು. ಎರಡೂ ಇಲ್ಲ: ಲೈನ್ ಹೋಗಿದೆ, ಸಮಯ ಬರೆದಿಟ್ಟುಕೋ, 2 ತಾಸು ದಾಟಿದ್ರೆ ಒಂದು ಮೆಸೇಜ್. ಮೇಲೆ ಇಲ್ಲ, ಕೆಳಗೆ ಇದೆ: ಹಾಗಾಗೋಕೆ ಸಾಧ್ಯವೇ ಇಲ್ಲ. ಮೇಲಿನ ಚಾರ್ಜರ್ ಸುಟ್ಟಿದೆ ಅಥವಾ 2 ಆಂಪ್ ಎಂಸಿಬಿ ಬಿದ್ದಿದೆ, 'ಸೆನ್ಸರ್ ನೋಡಿ' ಅಂತ ಮೆಸೇಜ್. ಈ ಮೂರನೇದನ್ನ ಬಿಟ್ಟುಬಿಡಬೇಡಿ, ಕಾವಲುಗಾರ ಸತ್ತಿದ್ದಾನೆ ಅಂತ ಹೇಳೋದು ಅದೊಂದೇ.

ಬೆಣ್ಣೆಕಾವಲಿ

ಇಂಟರ್ನೆಟ್ ಇಲ್ದಾಗ?

ಐದುವೋಲ್ಟ್

ಎರಡು ದಾರಿ. ಒಂದು ಸಿಮ್ ಮಾಡ್ಯೂಲ್. ಅಗ್ಗದ ಸಿಮ್800ಎಲ್ ಬರೀ 2ಜಿ, ಜಿಯೋ ಸಿಮ್ ಹಾಕಿದ್ರೆ ಏನೂ ಆಗಲ್ಲ, ಜಿಯೋಗೆ 2ಜಿ ಜಾಲವೇ ಇಲ್ಲ. 2ಜಿ ಇರುವ ಕಂಪನಿಯ ಸಿಮ್ ಬೇಕು, ಇಲ್ಲಾಂದ್ರೆ ಎ7670 ತರಹದ 4ಜಿ ಮಾಡ್ಯೂಲ್. ಹೊಸದಾಗಿ ಕೊಳ್ಳೋರು 4ಜಿಯದ್ದೇ ಕೊಳ್ಳಿ.

ಸಿಮ್800ಎಲ್ ಇಟ್ಟುಕೊಂಡು ಪರದಾಡೋರಲ್ಲಿ ಬಹಳಷ್ಟು ಜನರ ತೊಂದರೆ ಸಪ್ಲೈದು. ಅದಕ್ಕೆ 3.4ರಿಂದ 4.4 ವೋಲ್ಟ್ ಬೇಕು, ಟವರಿಗೆ ಮಾತಾಡುವಾಗ ಕ್ಷಣಕಾಲ 2 ಆಂಪ್ ಎಳೆಯತ್ತೆ. ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ಕಟ್ಟಿದ್ರೆ ಟವರ್ ಹುಡುಕ್ತಾ ಹುಡುಕ್ತಾ ರೀಸೆಟ್ ಆಗ್ತಾನೇ ಇರತ್ತೆ, 5 ವೋಲ್ಟಿಗೆ ಕಟ್ಟಿದ್ರೆ ಸುಡಬಹುದು. 18650 ಸೆಲ್ (ಲಿಥಿಯಂ ಬ್ಯಾಟರಿ) ಒಂದು, ಚಾರ್ಜಿಂಗ್ ಮಾಡ್ಯೂಲ್ ಜೊತೆ, ಮಾಡ್ಯೂಲಿನ ಕಾಲ ಬುಡದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್. ವೈರ್ ಗಿಡ್ಡ, ದಪ್ಪ ಇರಲಿ.

ಎಸ್ಸೆಮ್ಮೆಸ್ಸಿಗಿಂತ ಕರೆ ಒಳ್ಳೇದು. ಮೂರು ನಂಬರ್ ಬರೆದಿಡಿ, ಒಬ್ಬರು ಎತ್ತೋವರೆಗೆ ಸುತ್ತುಹಾಕ್ತಾ ಕರೆ ಮಾಡಲಿ. ಎತ್ತಿದ ಕೂಡಲೇ ಕಟ್ ಆದ್ರೂ ಸಾಕು, ಆ ನಂಬರಿಂದ ಕರೆ ಬಂತು ಅಂದ್ರೇ ವಿಷಯ ಗೊತ್ತಾಯ್ತು. ಆ ನಂಬರನ್ನ ನಿಮ್ಮ ಫೋನಿನಲ್ಲಿ ಸೈಲೆಂಟ್ ಇದ್ರೂ ರಿಂಗ್ ಆಗೋ ಹಾಗೆ ಫೇವರಿಟ್ಟಿಗೆ ಸೇರಿಸಿ.

ಇನ್ನೊಂದು ದಾರಿ ಉಲ್ಟಾ. ಬೋರ್ಡ್ 5 ನಿಮಿಷಕ್ಕೊಮ್ಮೆ 'ಇದ್ದೀನಿ' ಅಂತ ಹೊರಗಿನ ಸರ್ವರಿಗೆ ಹೇಳ್ತಿರಲಿ. ಮೂರು ಸಲ ಸುದ್ದಿ ಬರದಿದ್ರೆ ಸರ್ವರೇ ನಿಮಗೆ ತಿಳಿಸತ್ತೆ. ಇನ್ವರ್ಟರ್ ಬ್ಯಾಟರಿ ಇಳಿದು ರೌಟರ್ ಸತ್ತಿದ್ದು, ಬೋರ್ಡ್ ಹ್ಯಾಂಗ್ ಆಗಿದ್ದು, ಕೇಬಲ್ ಇಲಿ ಕಡಿದದ್ದು ಎಲ್ಲ ಇದರಲ್ಲಿ ಸಿಗತ್ತೆ. ಸಿಮ್ಮೂ ಇದೂ ಎರಡೂ ಇದ್ರೆ ನಿದ್ದೆ ಮಾಡಬಹುದು.

ಶೀತಲಪೆಟ್ಟಿಗೆ

ಇಡೀ ಚರ್ಚೆ ಕರೆಂಟಿನ ಸುತ್ತಲೇ ಸುತ್ತುತ್ತಿದೆ. ಬೆಣ್ಣೆಗೆ ಬೇಕಾದ್ದು ತಂಪು, ಕರೆಂಟಲ್ಲ. ಪ್ಲಗ್ ಸಡಿಲ ಆಗಿದ್ರೆ, ಕಂಪ್ರೆಸರಿನ ರಿಲೇ ಹೋಗಿದ್ರೆ, ಗ್ಯಾಸ್ ಸೋರಿದ್ರೆ, ಬಾಗಿಲು ಅರ್ಧ ತೆರೆದಿದ್ರೆ ಮೇಲಿನ ಒಂದು ಸೆನ್ಸರೂ ಬಾಯಿ ಬಿಡಲ್ಲ. ಅದೇ ಇಎಸ್‌ಪಿ ಬೋರ್ಡಿಗೆ ಡಿಎಸ್18ಬಿ20 ಪ್ರೋಬ್ (ಉಷ್ಣತೆ ಅಳೆಯೋ ಸೆನ್ಸರ್) ಒಂದು ಸೇರಿಸಿ. ವಾಟರ್‌ಪ್ರೂಫ್ ಸ್ಟೀಲ್ ತುದಿಯದ್ದು, ಮೂರು ವೈರು, ಡೇಟಾ ಮತ್ತು 3.3 ವೋಲ್ಟ್ ನಡುವೆ 4.7 ಕಿಲೋಓಮ್ ರೆಸಿಸ್ಟರ್. ಮೈನಸ್ 55 ಡಿಗ್ರಿವರೆಗೆ ಓದುತ್ತೆ.

ಪ್ರೋಬನ್ನ ಗಾಳಿಯಲ್ಲಿ ತೂಗುಬಿಟ್ರೆ ಬಾಗಿಲು ತೆಗೆದಾಗಲೆಲ್ಲ ಹಾರುತ್ತೆ. 100 ಮಿಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಗ್ಲಿಸರಿನ್ ತುಂಬಿ ಅದರೊಳಗೆ ಮುಳುಗಿಸಿ. ಬಾಟಲಿ ನಿಧಾನಕ್ಕೆ ಬಿಸಿಯಾಗುತ್ತೆ, ಬೆಣ್ಣೆಯೂ ಹಾಗೇ. ವೈರನ್ನ ಕೆಳಗಿನ ನೀರು ಹೋಗೋ ತೂತಿನಿಂದ ತನ್ನಿ, ಉಳಿದ ಸಂದಿಗೆ ಪುಟ್ಟಿ ಮೆತ್ತಿ. ಗ್ಯಾಸ್ಕೆಟ್ ನಡುವೆ ದುಂಡನೆ ವೈರ್ ಸಿಗಿಸಿದ್ರೆ ಅಲ್ಲೇ ಮಂಜು ಕಟ್ಟಿ ಬಾಗಿಲು ಸರಿಯಾಗಿ ಕೂರಲ್ಲ. ತೂತು ಕೊರೆಯೋ ಸಾಹಸ ಬೇಡ, ಗೋಡೆಯೊಳಗೇ ಗ್ಯಾಸ್ ಕೊಳವೆ ಹಾದುಹೋಗಿರುತ್ತೆ.

ಫ್ರೀಜರ್ ಮೈನಸ್ 18ಕ್ಕೆ ಇದ್ರೆ ಎಚ್ಚರಿಕೆ ಮೈನಸ್ 10ಕ್ಕೆ ಇಡಿ, 30 ನಿಮಿಷ ಹಾಗೇ ಇದ್ರೆ ಕರೆ. ಫ್ರಿಜ್ಜಿಗೆ 8 ಡಿಗ್ರಿ, 30 ನಿಮಿಷ. ತುಂಬಿದ ಫ್ರೀಜರ್ ಬಾಗಿಲು ತೆಗೆಯದಿದ್ರೆ ಎರಡು ದಿನದವರೆಗೆ ಹಿಡಿಯುತ್ತೆ ಅಂತಾರೆ, ಅರ್ಧ ತುಂಬಿದ್ದು ಒಂದು ದಿನ, ಫ್ರಿಜ್ ಬರೀ 4 ತಾಸು. ಏಪ್ರಿಲ್ಲಿನಲ್ಲಿ ಶೀಟ್ ಹಾಕಿದ ಸ್ಟೋರಿನೊಳಗೆ ಅಷ್ಟು ನಂಬಬೇಡಿ. ಅದಕ್ಕೇ ಫ್ರೀಜರಲ್ಲಿ ಖಾಲಿ ಜಾಗ ಇದ್ರೆ ನೀರಿನ ಬಾಟಲಿ ಇಡಿ, ಮುಕ್ಕಾಲು ತುಂಬಿ. ಪೂರ್ತಿ ತುಂಬಿದ್ರೆ ಹೆಪ್ಪುಗಟ್ಟಿ ಸೀಳುತ್ತೆ.

ಔಷಧಿಕಪಾಟು

ಶೀತಲಪೆಟ್ಟಿಗೆ ಸರ್ ಹೇಳಿದ್ದಕ್ಕೆ ಒಂದು ಮಾತು. ಲಸಿಕೆ, ಇನ್ಸುಲಿನ್ ಇಡೋ ಫ್ರಿಜ್ಜಿಗೆ ಕೆಳಗಿನ ಮಿತಿಯೂ ಬೇಕು. 2ರಿಂದ 8 ಡಿಗ್ರಿ ಅಂದ್ರೆ 2ರ ಕೆಳಗೆ ಹೋದ್ರೂ ಕರೆ ಬರಬೇಕು, ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿ ಬಳಸೋ ಹಾಗಿಲ್ಲ. ಬರೀ ಟ್ರಿಪ್ ಎಚ್ಚರಿಕೆ ಹಾಕಿಕೊಂಡ ಮೆಡಿಕಲ್ ಶಾಪಿನವರು ಇದನ್ನ ಮರೀತಾರೆ.

ಮಂಡಕ್ಕಿಮೆಣಸಿನಕಾಯಿ

ನಾನು ಬೈಸಿಕೊಳ್ಳೋಕೆ ರೆಡಿ ಇದೀನಿ, ಆದ್ರೂ ಕೇಳ್ತೀನಿ. ಫ್ರೀಜರ್ ಒಂದನ್ನ ಆರ್‌ಸಿಸಿಬಿ ಮೇಲಿಂದ ನೇರ ಎಂಸಿಬಿಗೆ ಕೊಟ್ಟುಬಿಟ್ರೆ ಟ್ರಿಪ್ಪೂ ಇಲ್ಲ, ಅಲಾರಮ್ಮೂ ಬೇಡ. ಎಷ್ಟೋ ಹೋಟೆಲಲ್ಲಿ ಹಂಗೇ ಮಾಡಿದಾರೆ.

ತಾಮ್ರದತಂತಿ

ಮಾಡ್ಯಾರ, ಹೌದು. ಕಬ್ಬಿಣದ ಮೈ, ಒದ್ದೆ ಕೈ, ದಿನಕ್ಕೆ ಎರಡು ಸಲ ನೀರು ಹೊಯ್ದು ತೊಳೆಯೋ ನೆಲ. ಆರ್‌ಸಿಸಿಬಿ ಇರೋದೇ ಆ ಮೂರು ಸೇರೋ ಜಾಗಕ್ಕ. ಅರ್ಥಿಂಗ್ ಗುಂಡಿ ಬೇಸಿಗೆಯಾಗ ಒಣಗಿ ರೆಸಿಸ್ಟೆನ್ಸ್ ಏರಿದ್ರೆ 16 ಆಂಪ್ ಎಂಸಿಬಿ ಮೈಗೆ ಬಂದ ಕರೆಂಟಿಗೆ ಬೀಳಂಗೇ ಇಲ್ಲ. ಅರ್ಥಿಂಗ್ 20 ಓಮ್ ಅಂತ ಇಟ್ಕೊಳ್ರಿ, 230 ಭಾಗಿಸು 20, ಹನ್ನೊಂದೂವರೆ ಆಂಪ್. ಎಂಸಿಬಿ ಪಾಲಿಗೆ ಅದು ಸಾಧಾರಣ ಲೋಡು, ಆರಾಮ ನಡೀತಿರ್ತದ. ಮೈ ಮಾತ್ರ ಕೊಲ್ತದ.

ಸರಿಯಾದ ದಾರಿ ಫ್ರೀಜರಿಗೊಂದು, ಫ್ರಿಜ್ಜಿಗೊಂದು ಸ್ವಂತ ಆರ್‌ಸಿಬಿಒ. 16 ಆಂಪ್, ಸಿ ಕರ್ವ್ (ಮೋಟರ್ ಶುರುವಾಗೋವಾಗಿನ ಜಾಸ್ತಿ ಕರೆಂಟ್ ತಡಕೊಳ್ಳೋದು), 30 ಮಿಲಿಆಂಪ್, ಟೈಪ್ ಎ. ಟೈಪ್ ಎಸಿ ಅಂತ ಬರೆದಿರೋದು ಹಳೇ ಲೋಡಿಗೆ ಸರಿ. ಇನ್ವರ್ಟರ್ ಕಂಪ್ರೆಸರಿನ ಫ್ರಿಜ್ಜಿನೊಳಗೆ ರೆಕ್ಟಿಫೈಯರ್ ಇರ್ತದ. ಅಲ್ಲಿ ಸೋರೋ ಕರೆಂಟು ಅರ್ಧ ಅಲೆಯದ್ದಾದ್ರೆ ಟೈಪ್ ಎಸಿಗೆ ಕಾಣದೇ ಹೋಗಬಹುದು. ಎರಡೂ ಆರ್‌ಸಿಬಿಒಗೆ ಕರೆಂಟ್ ಈಗಿನ ಆರ್‌ಸಿಸಿಬಿಯ ಮೇಲಿಂದ ಬರಬೇಕು, ಅದರ ಕೆಳಗಿಂದ ಕೊಟ್ರೆ ಎರಡು 30 ಸಾಲಾಗಿ ಕೂತು ಯಾವುದು ಮೊದಲು ಬೀಳ್ತದೋ ದೇವರಿಗೇ ಗೊತ್ತು. ಈ ಎರಡು ಸರ್ಕ್ಯೂಟಿನ ನ್ಯೂಟ್ರಲ್ ಆಯಾ ಆರ್‌ಸಿಬಿಒಗೇ ವಾಪಸ್ ಬರಬೇಕು, ಹಳೇ ನ್ಯೂಟ್ರಲ್ ಬಾರಿನಿಂದ ಬಿಚ್ಚಿ ತರ್ರಿ. ಆಗ ಗೀಜರ್ ಕಾಯಿಲ್ ಸೋರಿ ಆರ್‌ಸಿಸಿಬಿ ಬಿದ್ರೂ ಬೆಣ್ಣೆಗೆ ಸುದ್ದಿ ಹೋಗಂಗಿಲ್ಲ.

ರಿಲೇ ಕಾಯಿಲ್ಲಿನ ಎರಡೂ ವೈರನ್ನ ಆಗ ಫ್ರೀಜರ್ ಆರ್‌ಸಿಬಿಒ ಕೆಳಕ್ಕೆ ಬದಲಾಯಿಸ್ರಿ.

ಬೆಣ್ಣೆಕಾವಲಿ

ಲೀಕೇಜ್ ಕ್ಲಾಂಪ್ ಮೀಟರ್ ಸಿಕ್ತು. ಆರ್‌ಸಿಸಿಬಿ ಮೇಲೆ ಫೇಸ್ ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕ್ಲಾಂಪ್ ಒಳಗೆ ಹಾಕಿ ನೋಡಿದ್ರೆ ಎಲ್ಲ ಆನ್ ಇದ್ದಾಗ 11.4 ಮಿಲಿಆಂಪ್. ಗೀಜರ್ ಪ್ಲಗ್ ತೆಗೆದ್ರೆ 4.9. ಹೊರಗಿನ ಬೋರ್ಡ್ ಲೈಟ್ ಬಿಚ್ಚಿದ್ರೆ 3.1. ಇದು ಸರಿನಾ?

ಶೀತಲಪೆಟ್ಟಿಗೆ

ನಿಮ್ಮ ಟ್ರಿಪ್ಪಿಗೆ ಅರ್ಧ ಉತ್ತರ ಇಲ್ಲೇ ಸಿಕ್ತು. ನಿಂತ ಸೋರಿಕೆ 30ರ ಶೇ. 30, ಅಂದ್ರೆ 9 ಮಿಲಿಆಂಪ್ ದಾಟಬಾರದು ಅಂತ ಲೆಕ್ಕ. 11.4 ಇದ್ರೆ ಇನ್ನು ಮೂರು ನಾಲ್ಕು ಸೇರಿದ್ರೂ 15 ಆಯ್ತು. ಗೀಜರ್ ಒಂದೇ 6.5 ಸೋರ್ತಿದೆ. ಕಾಯಿಲ್ ಹೊರಪದರ ಸೀಳಿ ನೀರು ಒಳಗೆ ಹೋಗಿರೋದು. ದಾವಣಗೆರೆಯ ಬೋರ್ ನೀರಿಗೆ ಸುಣ್ಣ ಕಟ್ಟಿ ಕಾಯಿಲ್ ಬೇಗ ಹೋಗೋದು ಹೊಸದಲ್ಲ. 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಹಾಕಿ, ಕಾಯಿಲ್ಲಿಂದ ಮೈಗೆ 1 ಮೆಗಾಓಮ್ ಕೆಳಗೆ ಬಂದ್ರೆ ಕಾಯಿಲ್ ಬದಲಾಯಿಸಿ, ಯೋಚನೆ ಬೇಡ. ಮೆಗ್ಗರ್ ಹಾಕುವಾಗ ಪ್ಲಗ್ ಕಿತ್ತಿರಬೇಕು. ಇನ್ವರ್ಟರ್ ಫ್ರಿಜ್ಜಿನ ಫೇಸ್ ನ್ಯೂಟ್ರಲ್ ನಡುವೆ ಮೆಗ್ಗರ್ ಹಾಕಿದ್ರೆ ಬೋರ್ಡ್ ಸುಡುತ್ತೆ, ಎರಡನ್ನೂ ಸೇರಿಸಿ ಮೈಗೆ ಮಾತ್ರ ನೋಡಿ.

ಟ್ರಿಪ್ ಆದ ಸಮಯ ಬರೆದಿಡೋ ಬೋರ್ಡ್ ಇದ್ರೆ ಕಾರಣ ಹುಡುಕೋದು ಸುಲಭ. ಡಬಲ್ ಡೋರ್ ಫ್ರಿಜ್ಜಿನ ಡಿಫ್ರಾಸ್ಟ್ ಹೀಟರ್ ದಿನಕ್ಕೆ ಎರಡು ಮೂರು ಸಲ ಆನ್ ಆಗುತ್ತೆ. 8 ಅಥವಾ 12 ತಾಸಿನ ಅಂತರದಲ್ಲೇ ಟ್ರಿಪ್ ಬೀಳ್ತಿದ್ರೆ ಆ ಹೀಟರ್ ನೋಡಿ. ಮಳೆ ಬಂದ ರಾತ್ರಿ ಮಾತ್ರ ಬಿದ್ರೆ ಹೊರಗಿನ ಬೋರ್ಡ್ ಲೈಟು. ಕಂಪ್ರೆಸರ್ ಶುರುವಾಗೋ ಹೊತ್ತಿಗೇ ಬಿದ್ರೆ ಕಂಪ್ರೆಸರಿನ ಟರ್ಮಿನಲ್ ಒದ್ದೆ ಅಥವಾ ವೈಂಡಿಂಗ್.

ತಾಮ್ರದತಂತಿ

ಅದಕ್ಕ ಒಂದು ಸೇರಿಸ್ತೀನಿ. ಒಂದೊಂದೇ ಎಂಸಿಬಿ ಇಳಿಸಿ ಹುಡುಕೋರಿಗೆ ಒಂದು ಸೋರಿಕೆ ಸಿಗಂಗೇ ಇಲ್ಲ: ನ್ಯೂಟ್ರಲ್ಲು ಅರ್ಥಿಗೆ ತಾಗಿರೋದು. ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡೀತದ, ನ್ಯೂಟ್ರಲ್ ಹಂಗೇ ಇರ್ತದ. ಆ ಫಾಲ್ಟ್ ಇರೋ ಸರ್ಕ್ಯೂಟಿನ ಎಂಸಿಬಿ ಆಫ್ ಇದ್ರೂ ಬೇರೆ ಕಡೆ ಗ್ರೈಂಡರ್ ಹಾಕಿದ ಕೂಡ್ಲೆ ಟ್ರಿಪ್. ಜನ ಗ್ರೈಂಡರನ್ನ ಬೈತಾರ. ಐಸೊಲೇಟರ್ ಆಫ್ ಮಾಡಿ, ನ್ಯೂಟ್ರಲ್ ಬಾರಿನಿಂದ ಒಂದೊಂದೇ ನ್ಯೂಟ್ರಲ್ ಬಿಚ್ಚಿ ಅರ್ಥಿಗೆ ಮೆಗ್ಗರ್ ಹಾಕಿದ್ರೇ ಅದು ಸಿಗೋದು.

ಇನ್ವರ್ಟರ್ ಲೈಟಿನ ನ್ಯೂಟ್ರಲ್ಲನ್ನ ಉಳಿದ ನ್ಯೂಟ್ರಲ್ ಜೊತೆ ಒಂದೇ ಜಂಕ್ಷನ್ನಿನಾಗ ತಿರುಚಿರೋದೂ ಇದೇ ಜಾತಿ ಕಾಯಿಲೆ.

ಕೋಟೆಕಲ್ಲು

ತೋಟದೋರು ಯಾರಾದ್ರೂ ಓದ್ತಿದ್ರೆ: ಇದನ್ನೇ ಬೋರ್‌ವೆಲ್ ಮೋಟರಿಗೆ ಮಾಡ್ಬೇಡಿ. ಚಳ್ಳಕೆರೆ, ಹಿರಿಯೂರು ಕಡೆ ಸಾವಿರ ಅಡಿ ಕೇಬಲ್ ನೀರಲ್ಲಿ ಇಳಿದಿರ್ತದೆ, ಕೇಬಲ್ಲಿನ ಸಹಜ ಸೋರಿಕೆಗೇ 30 ಮಿಲಿಆಂಪ್ ನಿಲ್ಲದೇ ಹೋಗಬಹುದು. ಅರ್ಥ್ ಲೀಕೇಜ್ ರಿಲೇ ಮತ್ತೆ ಬಳೆ ತರದ ಸಿಟಿ (ಒಳಗೆ ಹಾದ ವೈರಿನ ಕರೆಂಟ್ ಅಳೆಯೋ ಕಾಯಿಲ್) ತಗಳಿ, 100ರಿಂದ 300ಕ್ಕೆ ಸೆಟ್ ಮಾಡಿ. ಮೂರೂ ಫೇಸ್ ವೈರು ಬಳೆ ಒಳಗೆ, ಅರ್ಥ್ ವೈರು ಹೊರಗೆ. ಅರ್ಥನ್ನೂ ಒಳಗೆ ತೂರ್ಸಿದ್ರೆ ಹೋದ ಕರೆಂಟು ಅಲ್ಲೇ ವಾಪಸ್ ಬಂದಂಗೆ ಲೆಕ್ಕ ಆಗಿ ಯಾವತ್ತೂ ಟ್ರಿಪ್ ಆಗಲ್ಲ. ಆ ರಿಲೇಗೆ ಅದರದ್ದೇ ಚೇಂಜ್ಓವರ್ ಕಾಂಟ್ಯಾಕ್ಟ್ ಇರ್ತದೆ. ಮೊಬೈಲ್ ಸ್ಟಾರ್ಟರಿಗೆ ಹೊರಗಿನ ಇನ್‌ಪುಟ್ ಇದ್ರೆ ಅಲ್ಲಿಗೆ ಕೊಡಿ, ಪಾಳಿ ಕರೆಂಟ್ ಮುಗಿದದ್ದು ಬೇರೆ, ಲೀಕೇಜ್ ಆದದ್ದು ಬೇರೆ ಅಂತ ಗೊತ್ತಾಗ್ತದೆ.

ಬೆಣ್ಣೆಕಾವಲಿ

ಎರಡು ಆರ್‌ಸಿಬಿಒ, ರಿಲೇ ಡಬ್ಬಿ, ಇಎಸ್‌ಪಿ ಜೊತೆ 4ಜಿ ಮಾಡ್ಯೂಲ್, ಎರಡು ಪ್ರೋಬ್. ಇಷ್ಟು ಪಟ್ಟಿ ಆಯ್ತು. ಟ್ರಿಪ್ ಆದ್ರೆ ತಾನೇ ಮೇಲೆತ್ತೋ ಮೋಟರ್ ಜೋಡಣೆಯೂ ಸಿಗ್ತದಂತೆ, ಅದು ಬೇಕಾ? ಹಾಕಿದ ಮೇಲೆ ಪರೀಕ್ಷೆ ಹೇಗೆ?

ತಾಮ್ರದತಂತಿ

ತಾನೇ ಎತ್ತೋದು ಬೇಡ. ಎತ್ತೋಕೆ ಮೊದಲು ಸೋರಿಕೆ ಇನ್ನೂ ಐತೇನು ಅಂತ ಅಳೆದು ನೋಡೋ ಸಾಧನಗಳು ಅದಾವ, ಅವು ಟವರ್ ಸೈಟಿನಂಥ ಜನ ಇಲ್ಲದ ಜಾಗಕ್ಕ. ಅಳೆಯದೆ ಬರೀ ಎತ್ತೋ ಅಗ್ಗದ ಮೋಟರು ನಿಮ್ಮ ಒದ್ದೆ ನೆಲಕ್ಕೆ ಬೇಡವೇ ಬೇಡ.

ಪರೀಕ್ಷೆಗೆ ಆರ್‌ಸಿಬಿಒ ಮೇಲಿನ ಟೆಸ್ಟ್ ಬಟನ್ ಒತ್ರಿ. ಹೂಟರ್ ಕೂಡ್ಲೆ ಕೂಗಬೇಕು, 30 ಸೆಕೆಂಡ್ ಆದ ಮೇಲೆ ಕರೆ ಬರಬೇಕು. ಆಮೇಲೆ ಎತ್ತಿ, ಈ ಸಲ ಐಸೊಲೇಟರ್ ಇಳಿಸ್ರಿ: ಹೂಟರ್ ಕೂಗಬಾರದು, ಕರೆ ಬರಬಾರದು. ಎರಡೂ ಪಾಸಾದ್ರೇ ಪಾಸು. ಕಂಪ್ರೆಸರ್ ನಿಂತಾಗ ಮಾಡ್ರಿ, ನಡೀವಾಗ ಕಡಿದು ತಕ್ಷಣ ಎತ್ತಿದ್ರೆ ಒತ್ತಡದ ಮೇಲೆ ಶುರುವಾಗೋಕೆ ತಿಣುಕ್ತದ. ಎತ್ತೋ ಮೊದಲು 5 ನಿಮಿಷ ಬಿಡ್ರಿ. ಇನ್ನೊಂದು, ಟೆಸ್ಟ್ ಬಟನ್ ಒಳಗಿನ ರೆಸಿಸ್ಟರಿಂದ ಸೋರಿಕೆ ನಟಿಸ್ತದ ಅಷ್ಟೇ, ಬಟನ್ನಿಗೆ ಬಿತ್ತು ಅಂದ್ರೆ ಅರ್ಥಿಂಗ್ ಚೆನ್ನಾಗೈತಿ ಅಂತ ಅರ್ಥ ಅಲ್ಲ. ಅರ್ಥಿಂಗ್ ಬೇರೆ ಅಳೀಬೇಕು.

ಐದುವೋಲ್ಟ್

ತಿಂಗಳ ಮೊದಲ ಸೋಮವಾರ ಅಂತ ಗೊತ್ತುಮಾಡಿಕೊಳ್ಳಿ, ಹೇಗೂ ರಜೆ. ಅದೇ ದಿನ ಮಾಡ್ಯೂಲಿನ ಸಿಮ್ಮಿನ ವ್ಯಾಲಿಡಿಟಿ ಎಷ್ಟಿದೆ ನೋಡಿ. ಅದು ಯಾರ ಕೈಲೂ ಇಲ್ಲದ ಸಿಮ್, ರೀಚಾರ್ಜ್ ಮುಗಿದಿದೆ ಅನ್ನೋ ಮೆಸೇಜು ಡಬ್ಬಿಯೊಳಗೇ ಬಂದು ಬಿದ್ದಿರತ್ತೆ. ಬೋರ್ಡಿಗೆ ಬಂದ ಎಸ್ಸೆಮ್ಮೆಸ್ಸನ್ನೆಲ್ಲ ನಿಮ್ಮ ನಂಬರಿಗೆ ದಾಟಿಸೋ ಹಾಗೆ ಕೋಡಿನಲ್ಲಿ ಬರೆದರೆ ಅದೂ ತಪ್ಪತ್ತೆ. ಎ7670ಕ್ಕೆ ಹೊಸ ಎಸ್ಸೆಮ್ಮೆಸ್ ಬಂದಾಗ ಸೂಚನೆ ಬರೋ ಹಾಗೆ ಸೆಟ್ ಮಾಡಬಹುದು. ಆ ಭಾಗದ ಕೋಡ್ ಬೇಕಿದ್ರೆ ಕೇಳಿ, ಹಾಕ್ತೀನಿ.

ಬೆಣ್ಣೆಕಾವಲಿ

ಹಾಕಿ. ಗೀಜರ್ ಕಾಯಿಲ್ ಮೆಗ್ಗರ್ ರೀಡಿಂಗ್ 0.04 ಮೆಗಾಓಮ್ ಬಂತು.

ಶೀತಲಪೆಟ್ಟಿಗೆ

ಬದಲಾಯಿಸೋವರೆಗೆ ಅದರ ಪ್ಲಗ್ಗನ್ನೇ ಕಿತ್ತಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲದು.